ಅಪ್‌ಡೇಟ್: ಎಚ್‌-4 ಮಗಳಿಗೂ ಇಲ್ಲೇ ಹುಟ್ಟಿದ ಮಗನಿಗೂ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತಾ?

ಮೈಸೂರಿನಲ್ಲಿ ಹುಟ್ಟಿ ಈಗ ಎಚ್‌-4ನಲ್ಲಿರುವ (ಅಮೆರಿಕದಲ್ಲಿ ಕೆಲಸದ ವೀಸಾ ಇರುವವರ ಕುಟುಂಬಕ್ಕೆ ಕೊಡುವ ವೀಸಾ) ಮಗಳು, ಅಮೆರಿಕದಲ್ಲಿ ಡಿಸೆಂಬರ್‌ನಲ್ಲಿ ಹುಟ್ಟಿದ ಮಗ, ಇಬ್ಬರಿಗೂ ಈ ಕ್ರೆಡಿಟ್ (ಮಕ್ಕಳಿದ್ದವರಿಗೆ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಸಿಗುತ್ತಾ ಅಂತ ಕೇಳಿದ್ದೆ. 2025ರ ರಿಟರ್ನ್ ಇ-ಫೈಲ್ ಮಾಡಿದೆವು, ರಿಫಂಡೂ ಬಂತು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮಗನಿಗೆ ಪೂರ್ತಿ 2,200 ಡಾಲರ್. ವರ್ಷದ ಕೊನೆಯಲ್ಲಿ ಹುಟ್ಟಿದರೂ ಇಡೀ ವರ್ಷ ನಮ್ಮ ಜೊತೆ ಇದ್ದ ಹಾಗೇ ಲೆಕ್ಕ! ಇದು ನಿಜಕ್ಕೂ ಆಶ್ಚರ್ಯ. ಆಸ್ಪತ್ರೆಯಲ್ಲಿ ಬರ್ತ್ ಸರ್ಟಿಫಿಕೇಟ್ ಫಾರ್ಮ್ ತುಂಬುವಾಗಲೇ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬೇಕು ಅಂತ ಟಿಕ್ ಹಾಕಿದ್ದೆವು. ಕಾರ್ಡ್ ಸಮಯಕ್ಕೆ ಸರಿಯಾಗಿ ಮನೆಗೆ ಬಂತು.

ಈ ಕ್ರೆಡಿಟ್‌ಗೋಸ್ಕರ ಮಗಳಿಗೂ ಆ ನಂಬರ್ ಮಾಡಿಸಿ ಅಂತ ಒಬ್ಬರು ಹೇಳಿದ್ದರು. ಅದು ಆಗಲಿಲ್ಲ. ಕೆಲಸದ ಅನುಮತಿ ಇಲ್ಲದ ಎಚ್‌-4 ಮಕ್ಕಳಿಗೆ ಟ್ಯಾಕ್ಸ್‌ಗೋಸ್ಕರ ಅಂತ ಸುಮ್ನೆ ಕೊಡುವುದಿಲ್ಲ. ಐಟಿಐಎನ್ (ಆ ನಂಬರ್ ಸಿಗದವರಿಗೆ ಟ್ಯಾಕ್ಸ್‌ಗೆಂದೇ ಕೊಡುವ ಸಂಖ್ಯೆ) ಇದ್ದರೆ 500 ಡಾಲರ್‌ನ 'ಅದರ್ ಡಿಪೆಂಡೆಂಟ್ಸ್' ಕ್ರೆಡಿಟ್ ಸಿಗುತ್ತದೆ ಎಂದವರ ಸಲಹೆಯೇ ಕೆಲಸಕ್ಕೆ ಬಂತು. ಅವಳ ಐಟಿಐಎನ್ ಮೊದಲೇ ಇತ್ತು. ಟ್ಯಾಕ್ಸ್ ರಿಟರ್ನ್‌ನ ಫಾರ್ಮ್ 1040ರಲ್ಲಿ ಅವಳ ಹೆಸರಿಗೆ ಆ ಬಾಕ್ಸ್‌ಗೇ ಟಿಕ್ ಬೀಳಬೇಕು, ನೋಡಿಕೊಳ್ಳಿ. ಆದರೆ ಇದು ಕಟ್ಟಬೇಕಾದ ತೆರಿಗೆಯನ್ನು ಇಳಿಸುತ್ತದೆ ಅಷ್ಟೇ, ಉಳಿದದ್ದು ಕೈಗೆ ಬರಲ್ಲ.

ಐಟಿಐಎನ್ ಇಲ್ಲದವರು ಅದಕ್ಕೆ ಅರ್ಜಿ ಹಾಕುವಾಗ ಮಗುವಿನ ಪಾಸ್‌ಪೋರ್ಟ್ ಅಂಚೆಯಲ್ಲಿ ಕಳಿಸಲೇಬೇಕು ಅಂತಿಲ್ಲ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿದ ಸರ್ಟಿಫೈಡ್ ಅಕ್ಸೆಪ್ಟೆನ್ಸ್ ಏಜೆಂಟ್ ಅದನ್ನು ನೋಡಿ, ಅಲ್ಲೇ ವಾಪಸ್ ಕೊಡುತ್ತಾರೆ.