ಶುಗರ್ ಇರುವವರಿಗೆ ಮಗುವಿನ ತೊಂದರೆ ಎಷ್ಟು ಬೇಗ ತಿಳಿಯುತ್ತದೆ?

ಎಂಟನೇ_ವಾರ:
ನನಗೆ 4 ವರ್ಷದಿಂದ ಟೈಪ್ 2 ಶುಗರ್ ಇದೆ. ಈಗ 8 ವಾರದ ಗರ್ಭಿಣಿ. ಪ್ಲಾನ್ ಮಾಡಿ ಆದದ್ದಲ್ಲ, ಹೋದ ವಾರವಷ್ಟೇ ಗೊತ್ತಾಯಿತು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.6 ಬಂದಿದೆ. ಡಾಕ್ಟರ್ ಇನ್ಸುಲಿನ್ ಶುರು ಮಾಡಿ, ಮಗುವಿನ ಅಂಗಗಳಲ್ಲಿ ತೊಂದರೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ, ಸ್ಕ್ಯಾನ್‌ನಲ್ಲಿ ನೋಡೋಣ ಅಂದರು. ಆವತ್ತಿನಿಂದ ನಿದ್ದೆ ಇಲ್ಲ, ಎಲ್ಲಾ ನನ್ನಿಂದಲೇ ಆಯ್ತು ಅನಿಸುತ್ತಿದೆ. ಈಗಲೇ ತಿಳಿಯುವ ರಕ್ತ ಪರೀಕ್ಷೆ ಇದೆಯಾ? ಎನ್‌ಐಪಿಟಿ ಮಾಡಿಸಿದರೆ ಗೊತ್ತಾಗುತ್ತಾ?

ಸ್ಕ್ಯಾನ್_ಕೋಣೆ:
ಗರ್ಭಿಣಿಯರ ಸ್ಕ್ಯಾನ್ ಮಾಡುವುದೇ ನನ್ನ ಕೆಲಸ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಎನ್‌ಐಪಿಟಿ ತಾಯಿಯ ರಕ್ತದಿಂದ ಮಾಡುವ ಪರೀಕ್ಷೆ, ಅದು ನೋಡುವುದು ಮುಖ್ಯವಾಗಿ ಮಗುವಿನ ಕ್ರೋಮೋಸೋಮ್ ಲೆಕ್ಕವನ್ನು, ಡೌನ್ ಸಿಂಡ್ರೋಮ್ ಥರದ್ದನ್ನು. ಶುಗರ್‌ನಿಂದ ಆಗುವುದು ಬೇರೆ. ಕ್ರೋಮೋಸೋಮ್ ಸರಿಯಾಗಿಯೇ ಇರುತ್ತದೆ, ಆದರೆ ಮೊದಲ ಏಳೆಂಟು ವಾರದಲ್ಲಿ ಅಂಗಗಳು ಮೂಡುವ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಹೃದಯ, ಬೆನ್ನುಹುರಿ, ಕಿಡ್ನಿ ಇವುಗಳ ರಚನೆಯಲ್ಲಿ ಎಡವಟ್ಟಾಗಬಹುದು. ಹಾಗಾಗಿ ಎನ್‌ಐಪಿಟಿ ನಾರ್ಮಲ್ ಬಂತು ಅಂತ ಹೃದಯದ ಸ್ಕ್ಯಾನ್ ಬಿಡಬೇಡಿ.

ಸದ್ಯಕ್ಕೆ ಮುಂಚಿತವಾಗಿ ಸುಳಿವು ಕೊಡುವುದು ನಿಮ್ಮ ಕೈಲಿರುವ ಎಚ್‌ಬಿಎ1ಸಿಯೇ. ಅದು ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳುತ್ತದೆ, ಅಂದರೆ ಅಂಗಗಳು ಮೂಡಿದ ದಿನಗಳೂ ಅದರಲ್ಲಿ ಸೇರಿವೆ. 6.5ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 10 ದಾಟಿದರೆ ತುಂಬಾ ಜಾಸ್ತಿ. ನಿಮ್ಮದು ನಡುವೆ ಇದೆ. ಶುಗರ್ ಇಲ್ಲದವರಲ್ಲಿ 100ಕ್ಕೆ 2–3 ಮಕ್ಕಳಿಗೆ ಏನಾದರೂ ತೊಂದರೆ ಇರುತ್ತದೆ, ಬಸಿರಿಗೆ ಮುಂಚೆಯೇ ಶುಗರ್ ಇದ್ದವರಲ್ಲಿ ಅದು ಎರಡು ಮೂರು ಪಟ್ಟು. ಹಾಗಿದ್ದರೂ ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಈ ಅಂಕಿ ನೂರು ಜನರ ಬಗ್ಗೆ ಹೇಳುತ್ತದೆ, ನಿಮ್ಮ ಮಗುವಿನ ಬಗ್ಗೆ ಹೇಳುವುದು ಸ್ಕ್ಯಾನ್ ಮಾತ್ರ.

11ರಿಂದ 14 ವಾರದೊಳಗೆ ಎನ್‌ಟಿ ಸ್ಕ್ಯಾನ್, ಅಂದರೆ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಸ್ಕ್ಯಾನ್. ತಲೆಬುರುಡೆ ಮೂಡದಿರುವಂಥ ದೊಡ್ಡ ತೊಂದರೆ ಆಗಲೇ ಕಾಣುತ್ತದೆ. 18–20ಕ್ಕೆ ಅಂಗಾಂಗಗಳನ್ನೆಲ್ಲ ನೋಡುವ ಅನಾಮಲಿ ಸ್ಕ್ಯಾನ್. ಅದರ ಜೊತೆಗೆ ಫೀಟಲ್ ಎಕೋ (ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್) ಬೇಕು ಅಂತ ಬಾಯಿಬಿಟ್ಟು ಕೇಳಿ, ಏಕೆಂದರೆ ಶುಗರ್‌ನಲ್ಲಿ ಹೆಚ್ಚು ಪೆಟ್ಟು ಬೀಳುವುದು ಹೃದಯಕ್ಕೆ.

ಇನ್ಸುಲಿನ್_ಅಮ್ಮ:
ನನ್ನದು ಟೈಪ್ 1, ಮೊದಲ ರಿಪೋರ್ಟ್‌ನಲ್ಲಿ ಎಚ್‌ಬಿಎ1ಸಿ 9.2 ಇತ್ತು. 12ನೇ ವಾರದ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. 20ನೇ ವಾರ ಎಕೋ ಮಾಡುವಾಗ ಡಾಕ್ಟರ್ ಒಂದೇ ಕಡೆ ಪ್ರೋಬ್ ಒತ್ತಿ ಹಿಡಿದು ಮಾತೇ ಆಡಲಿಲ್ಲ, ಹೊಟ್ಟೆ ಮೇಲಿನ ಜೆಲ್ ಒಣಗಿತು, ಮತ್ತೆ ಹಾಕಿದರು. ಆಮೇಲೆ ಸ್ಕ್ರೀನ್ ನನ್ನ ಕಡೆ ತಿರುಗಿಸಿ, ಮಗುವಿನ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಸಣ್ಣ ತೂತು ತೋರಿಸಿದರು. ಅತ್ತುಬಿಟ್ಟೆ ನಾನು, ಅಲ್ಲೇ. ಆದರೆ ಮೊದಲೇ ಗೊತ್ತಿದ್ದದ್ದಕ್ಕೆ ಮಕ್ಕಳ ಹೃದಯದ ಡಾಕ್ಟರ್ ಇರುವ ಕಡೆಯೇ ಹೆರಿಗೆ ಆಯಿತು. 14 ತಿಂಗಳಿಗೆ ತೂತು ತಾನಾಗೇ ಮುಚ್ಚಿತು. ಅಪರೇಷನ್ ಬೇಕಾಗಲಿಲ್ಲ.

ನಿಮ್ಮಿಂದಲೇ ಆಯ್ತು ಅಂತ ಸುಮ್ನೆ ಕೊರಗಬೇಡಿ ತಂಗಿ. ಗೊತ್ತಾದ ವಾರದಲ್ಲೇ ಇನ್ಸುಲಿನ್ ತಗೊಂಡಿದ್ದೀರಿ, ಅಲ್ವಾ?

ಮಾತ್ರೆ_ಚೀಟಿ:
ಒಂದು ಮಾತು. ಬಿಪಿಗೆ ಅಥವಾ ಕೊಲೆಸ್ಟರಾಲ್‌ಗೆ ಮಾತ್ರೆ ತಗೊಳ್ತಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬಿಪಿ ಮಾತ್ರೆಯ ಹೆಸರು ‘ಪ್ರಿಲ್’ ಅಥವಾ ‘ಸಾರ್ಟನ್’ ಅಂತ ಮುಗಿದರೆ ಬಸಿರಲ್ಲಿ ಬೇಡ, ಬದಲಿಸುತ್ತಾರೆ. ನೀವೇ ನಿಲ್ಲಿಸಿ ಸುಮ್ಮನಾಗಬೇಡಿ, ಬಿಪಿ ಏರುತ್ತದೆ. ಫೋಲಿಕ್ ಆಸಿಡ್ ಎಷ್ಟು ಅಂತಲೂ ಕೇಳಿ, ಶುಗರ್ ಇದ್ದವರಿಗೆ ಎಷ್ಟೋ ಕಡೆ 12 ವಾರದವರೆಗೆ ದಿನಕ್ಕೆ 5 ಮಿಲಿಗ್ರಾಂ ಕೊಡುತ್ತಾರೆ.

ಎಂಟನೇ_ವಾರ:
ಈಗಷ್ಟೇ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಎನಾಲಾಪ್ರಿಲ್! ಡಾಕ್ಟರಿಗೆ ಫೋನ್ ಮಾಡಿದೆ, ಸಂಜೆಯಿಂದಲೇ ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಫೀಟಲ್ ಎಕೋಗೂ ಹೆಸರು ಬರೆಸಿದೆ. ಅಕ್ಕ, ನಿಮ್ಮ ಮಗುವಿಗೆ ಈಗ ಎಷ್ಟು ವರ್ಷ?