ಅಪ್‌ಡೇಟ್: ಕುಂಡದ ಕೊತ್ತಂಬರಿ ಕೊನೆಗೂ ಘಮ್ಮೆಂದಿತು

ಎರಡು ತಿಂಗಳ ಹಿಂದೆ ಕೇಳಿದ್ದೆ: ಕುಂಡದ ಕೊತ್ತಂಬರಿ ನಾಲ್ಕು ಎಲೆ ಬಿಡುವಷ್ಟರಲ್ಲೇ ಹೂವಿಗೆ ಬರುತ್ತದೆ, ಗ್ರೇವಿಗೆ ಹಾಕಿದರೂ ಘಮ ಇರುವುದಿಲ್ಲ, ಏನು ಮಾಡಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಈ ಸಲ ಗೆದ್ದೆ!

ನಾನು ಸಸಿ ಮಾಡಿ ಕಿತ್ತು ನೆಡುತ್ತಿದ್ದೆ. ಕೊತ್ತಂಬರಿಗೆ ಉದ್ದನೆಯ ತಾಯಿಬೇರು, ಅಲುಗಾಡಿಸಿದರೆ ಸೊರಗಿ ಬೇಗ ಹೂ ಬಿಡುತ್ತದೆ. ಮಧ್ಯಾಹ್ನದ ಸುಡುಬಿಸಿಲು ಬೇರೆ. ಈ ಸಲ ಧನಿಯಾವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿದೆ. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ, ನನಗೆ ಗೊತ್ತೇ ಇರಲಿಲ್ಲ. ರಾತ್ರಿ ನೆನೆಸಿ, ನೇರವಾಗಿ ದೊಡ್ಡ ಕುಂಡಕ್ಕೇ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿದೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಜಾಗದಲ್ಲಿಟ್ಟೆ. 9ನೇ ದಿನ ಮಣ್ಣು ಎತ್ತಿಕೊಂಡು ಮೊಳಕೆ ಬಂತು. ಮೊದಲ ಎರಡು ಎಲೆ ಉದ್ದಕ್ಕೆ, ಹುಲ್ಲಿನ ಹಾಗಿರುತ್ತವೆ. ಕಳೆ ಅಂತ ಕಿತ್ತುಬಿಡಬೇಡಿ.

ಅಡುಗೆಯಲ್ಲಿ ಬದಲಾಯಿಸಿದ್ದು ಒಂದೇ. ಮೊದಲೆಲ್ಲ ಸೊಪ್ಪು ಹಾಕಿ ಕುದಿಸುತ್ತಿದ್ದೆ. ಈಗ ದಂಟನ್ನು ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಹುರಿಯುತ್ತೇನೆ, ಎಲೆ ಹಾಕುವುದು ಒಲೆ ಆರಿಸಿದ ಮೇಲೆ. ಮುಚ್ಚಳ ತೆಗೆದಾಗ ಬರುವ ಘಮ ಇದೆಯಲ್ಲ, ಅದಕ್ಕೇ ಅಲ್ವಾ ಇಷ್ಟೆಲ್ಲ ಒದ್ದಾಡಿದ್ದು!

ಪುದೀನ ಕಡ್ಡಿಯೂ ನೀರಿನಲ್ಲಿ ಬೇರು ಬಿಟ್ಟಿದೆ. ಅದಕ್ಕೆ ಬೇರೆ ಕುಂಡವೇ ಬೇಕು, ಜೊತೆಗೆ ನೆಟ್ಟರೆ ಎಲ್ಲಾ ಕಡೆ ಹಬ್ಬಿಬಿಡುತ್ತದೆ.