ಪದಚರ್ಚೆ: ಬಾಡಿಗೆ ಮನೆಯ ‘ಸವಕಳಿ’, ‘ಹಾನಿ’, ‘ನಷ್ಟ’

ಬಳಗದವರಿಗೆ ನಮಸ್ಕಾರ.

ಕಾರವಾರದ ಕೋಡಿಬಾಗದಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಬಾಡಿಗೆಗಿದ್ದವರು ಮೂರು ತಿಂಗಳ ಬಾಡಿಗೆ ಉಳಿಸಿ, ಕೈತೊಳೆಯುವ ಬೇಸಿನ್ ಒಡೆದು, ಬಾಗಿಲ ಚೌಕಟ್ಟಿಗೆ ಕಂಡಲ್ಲೆಲ್ಲ ಮೊಳೆ ಹೊಡೆದು ಖಾಲಿ ಮಾಡಿದ್ದಾರೆ. ವಕೀಲರ ನೋಟಿಸಿಗೆ ಮೊದಲು ಕನ್ನಡದಲ್ಲೇ ಒಂದು ಪತ್ರ ಬರೆದುಕೊಡು ಎಂದಿದ್ದಾರೆ ಮಾವ.

‘ಬಾಡಿಗೆ ಬಾಕಿ’ಯ ಬಗ್ಗೆ ತಕರಾರಿಲ್ಲ. ಮೂರು ವರ್ಷದೊಳಗೆ ದಾವೆ ಹೂಡಬೇಕಾದ್ದರಿಂದ ಯಾವ ತಿಂಗಳದ್ದು ಎಷ್ಟು ಎಂದು ಬಿಡಿಬಿಡಿಯಾಗಿ ಬರೆದರಾಯಿತು. ಶಿರಸಿ ಕಡೆಯ ಸೊಸೈಟಿ ನೋಟಿಸುಗಳ ‘ಸುಸ್ತಿದಾರ’ ಸಾಲಕ್ಕೇ ಇರಲಿ, ಇಲ್ಲಿಗೆ ಬೇಡ. ‘ಮುಂಗಡ’ ಮಾತ್ರ ತೊಡಕಿನದು. “ಕಡೇ ಮೂರು ತಿಂಗಳಿಂದು ಅಡ್ವಾನ್ಸಲ್ಲಿ ಮುರ್ಕೊಳ್ಳಿ” ಎಂದು ಅವರು ಹೇಳಿ ಹೋದದ್ದು. ಮುಂಗಡ ಎಂದಮೇಲೆ ಬಾಡಿಗೆಯದ್ದೇ ದುಡ್ಡಲ್ಲವೇ ಎಂಬ ವಾದಕ್ಕೆ ಆ ಪದವೇ ದಾರಿ ಮಾಡಿಕೊಡುತ್ತದೆ. ಹಾಗೆ ಮುರಿದುಕೊಂಡರೆ ಬೇಸಿನ್ನಿಗೆ ಏನು ಉಳಿಯಿತು? ಕರಾರುಪತ್ರದಲ್ಲಿರುವುದು ‘ಠೇವಣಿ’. ಮರಾಠಿಯಿಂದ ಬಂದದ್ದು, 1956ರವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತಲ್ಲ. ಇಟ್ಟ ದುಡ್ಡು ಎಂಬ ಅರ್ಥ ಅದರಲ್ಲಿ ಸ್ಪಷ್ಟವಾಗಿದೆ, ಅದನ್ನೇ ಬಳಸುತ್ತೇನೆ.

ನಾನು ಕೇಳಬೇಕೆಂದಿರುವುದು ಇನ್ನೊಂದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು; ವಾಜಬಿ ಬಳಕೆಯಿಂದ ಸವೆದದ್ದಕ್ಕೂ ತಡೆಯಲಾಗದ ಶಕ್ತಿಯಿಂದ ಕೆಟ್ಟದ್ದಕ್ಕೂ ಅವನು ಹೊಣೆಯಲ್ಲ. ಮೊದಲನೆಯದಕ್ಕೆ ‘ಸವಕಳಿ’ ಎಂದು ಬರೆಯುವುದು ರೂಢಿ. ಹೊಸ್ತಿಲು, ನೆಲ, ನಲ್ಲಿಯ ತಿರುಪು ಸವೆಯುತ್ತವೆ, ಸರಿ. ಆದರೆ ಕೋಡಿಬಾಗದ ಉಪ್ಪುಗಾಳಿಗೆ ಕಿಟಕಿಯ ಸರಳು ಮುಟ್ಟಿದರೆ ಪದರಪದರವಾಗಿ ಉದುರುತ್ತಿದೆ, ಪಡುವಣ ಗೋಡೆ ಮಳೆಗಾಲದ ಬೂಷ್ಟಿಗೆ ಕಪ್ಪಾಗಿದೆ. ಯಾರೂ ಬಳಸಿ ಸವೆಸಿದ್ದಲ್ಲ, ಕೆಡಿಸಿದ್ದೂ ಅಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸು ಎಂಬುದು ಮಾವನ ಹಟ. ನನಗೆ ಒಪ್ಪಿಗೆಯಿಲ್ಲ. ಒಂದು ಅನ್ಯಾಯದ ಬಾಬ್ತು ಸೇರಿದರೆ ನ್ಯಾಯದವುಗಳ ಮೇಲೂ ಅನುಮಾನ ಹುಟ್ಟುತ್ತದೆ.

‘ಹಾನಿ’, ‘ನಷ್ಟ’ಗಳನ್ನು ನಾನು ಹೀಗೆ ಬೇರ್ಪಡಿಸಿದ್ದೇನೆ: ಬೇಸಿನ್ ಒಡೆದದ್ದು ಹಾನಿ, ಹೊಸದನ್ನು ಕೂರಿಸಲು ಕೈಯಿಂದ ಹೋದ ದುಡ್ಡು ನಷ್ಟ. ಹಳಬರ ‘ನುಕಸಾನಿ’ ಎರಡಕ್ಕೂ ಸಲ್ಲುತ್ತದೆ. ಮಾತಿಗೆ ಅನುಕೂಲ, ಪತ್ರಕ್ಕೆ ಅಲ್ಲ. ಈ ವಿಂಗಡಣೆ ನಿಮಗೆ ಸರಿ ಕಾಣುತ್ತದೆಯೇ?

ಹವೆಗೆ, ಕಾಲಕ್ಕೆ ತಾನಾಗಿ ಕೆಡುವುದಕ್ಕೆ ಒಂದು ಪದ ಬೇಕು. ‘ಶಿಥಿಲ’ ಎಂದರೆ ಮನೆಯೇ ಬೀಳುವಂತೆ ಕೇಳಿಸುತ್ತದೆ, ‘ಜೀರ್ಣ’ ಎಂದರೆ ದೇವಸ್ಥಾನದ ನೆನಪು. ಅಂಕೋಲೆ, ಹೊನ್ನಾವರ, ಭಟ್ಕಳ ಕಡೆಯವರು ಹೇಳಿ: ದೋಣಿಯ ಕಬ್ಬಿಣ ಉಪ್ಪಿಗೆ ಹೀಗೆ ಕೆಟ್ಟರೆ ನಿಮ್ಮಲ್ಲಿ ಏನೆನ್ನುತ್ತಾರೆ?